ರಕ್ತದಲ್ಲಿ ಕಾಣದ ಕೊರತೆ

ಮಾರ್ಚ್ ೧೪, ಮಧ್ಯಾಹ್ನ
ಪ್ರಯೋಗಾಲಯದ ಮೆಟ್ಟಿಲ ಮೇಲೆ ಕೂತು

ಪ್ರೀತಿಯ ತಕ್ಕಡಿ,

ನೀನು ಹೇಳಿದ್ದೇ ನಿಜ ಕಣೇ! ಕ್ಷೇಮಸಮಾಚಾರವೆಲ್ಲ ಆಮೇಲೆ. ಮೊಣಕಾಲ ಮೇಲೆ ಕಾಗದವಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಆರು ವರ್ಷದ ಹಿಂದೆ ನಾವಿಬ್ಬರೂ ಮಾಡಿದ ಇಲಿಗಳ ಪ್ರಯೋಗ ನೆನಪಿದೆಯಲ್ಲ? ಮೂತ್ರ ಹೆಚ್ಚಿಸುವ ಔಷಧಿ ಕೊಟ್ಟ ಇಲಿಗಳ ರಕ್ತದಲ್ಲಿ ಮೆಗ್ನೀಷಿಯಂ ಸರಿಯಾಗಿಯೇ ಇತ್ತು, ಹೃದಯದ ಸ್ನಾಯುವಿನಲ್ಲಿ ಮಾತ್ರ ಇಳಿದಿತ್ತು. ಬರೀ ರಕ್ತ ನೋಡಿ ಸಮಾಧಾನಪಟ್ಟುಕೊಂಡರೆ ಮೋಸ ಹೋಗುತ್ತೇವೆ ಎಂದು ನೀನು ಬಡಕೊಂಡೆ. ಹಳೆಯ ಸಾಹೇಬರು ನಕ್ಕುಬಿಟ್ಟರು. ಓವನ್‌ನಲ್ಲಿಟ್ಟ ಸ್ನಾಯುವಿನ ತುಂಡುಗಳು ಪೂರ್ತಿ ಒಣಗಿಲ್ಲ, ತೇವವೂ ತೂಕಕ್ಕೆ ಸೇರಿ ಖನಿಜ ಕಡಿಮೆ ಕಂಡಿದೆ ಎಂದು ವರದಿಯನ್ನು ಕಪಾಟಿಗೆ ತಳ್ಳಿದರು. ಪ್ರತಿಯೊಂದನ್ನೂ ಮೂರು ಸಲ ತೂಗುವ ನಿನಗೆ ಆ ಮಾತು! ತಿಂಗಳೊಳಗೆ ಕೆಲಸ ಬಿಟ್ಟು ಶಾಲೆಯಲ್ಲಿ ಪಾಠ ಹೇಳಲು ಹೊರಟೆ.

ಸಾಹೇಬರ ಜಾಗಕ್ಕೆ ಬಂದ ಹೊಸ ಮೇಡಂ ಕಪಾಟು ಖಾಲಿ ಮಾಡಿಸುವಾಗ ನಿನ್ನ ನೋಟ್‌ಬುಕ್ ಸಿಕ್ಕಿತು. ಓದಿದವರೇ, ಇನ್ನೊಮ್ಮೆ ಮಾಡಿಬಿಡೋಣ ಎಂದರು. ಇಪ್ಪತ್ತನಾಲ್ಕು ಇಲಿ; ಅರ್ಧಕ್ಕೆ ಮೂರು ವಾರ ಔಷಧಿ. ಈ ಸಲ ತುಂಡುಗಳ ತೂಕ ಇಳಿಯುವುದು ನಿಲ್ಲುವ ತನಕ ನಾನು ಓವನ್ ಮುಂದಿನಿಂದ ಕದಲಲಿಲ್ಲ. ಆಮೇಲೆ ಆಸಿಡ್‌ನಲ್ಲಿ ಕರಗಿಸಿ ಖನಿಜ ಅಳೆಯುವ ಯಂತ್ರಕ್ಕೆ ಕೊಟ್ಟೆವು. ರಕ್ತ ಸರಿ. ತೊಡೆಯ ಸ್ನಾಯುವಿನಲ್ಲಿ ಇಳಿಕೆ. ಹೃದಯದಲ್ಲಿ ಮೆಗ್ನೀಷಿಯಂ, ಪೊಟ್ಯಾಸಿಯಂ ಎರಡೂ ಇಳಿಕೆ! ಕುರ್ಚಿ ಬೀಳಿಸಿಕೊಂಡು ಎದ್ದೆ ನೋಡು. ನಂಬಿಕೆ ಬಾರದೆ ಮತ್ತೆರಡು ಸಲ ಅಳೆದೆ. ಅದೇ ಅಂಕಿ.

ನಿನ್ನೆ ಸಂಜೆ ಮೇಡಂ ನಿನ್ನ ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು, "ಇಂಥೋರನ್ನ ಯಾಕೆ ಕಳಿಸಿಬಿಟ್ರಿ?" ಎಂದರು. ನಾನು ತಟ್ಟೆಗಳನ್ನು ತೊಳೆಯಲು ಎದ್ದೆ. "ವಾಪಸ್ ಬರ್ತಾರಾ ಕೇಳಿ. ಲೇಖನದಲ್ಲಿ ಮೊದಲ ಹೆಸರು ಅವರದ್ದೇ."

ಕೇಳುತ್ತಿದ್ದೇನೆ, ಬರ್ತೀಯಾ? ಖನಿಜ ಉಳಿಸಿಕೊಳ್ಳುವ ಇನ್ನೊಂದು ಬಗೆಯ ಔಷಧಿಯನ್ನು ಜೊತೆಗೆ ಕೊಟ್ಟರೆ ಹೃದಯಕ್ಕೆ ಏನಾಗುತ್ತದೆ ಎಂದು ಮುಂದೆ ನೋಡಬೇಕು. ನಿನ್ನ ಅತ್ತೆಯವರೂ ಕಾಲೂತಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆಯನ್ನೇ ನುಂಗುತ್ತಾರಲ್ಲ, ಅವರು ಹೆದರಿ ನಿಲ್ಲಿಸುವುದೇನೂ ಬೇಡ. ಇಲಿಗೆ ಆದದ್ದು ಮನುಷ್ಯರಿಗೂ ಹಾಗೇ ಆಗುತ್ತದೆ ಎನ್ನಲಾಗದು. ಅದನ್ನು ತಿಳಿಯುವುದಕ್ಕಾದರೂ ನೀನು ಬೇಕು!

ನಿನ್ನ
ಗಡಿಬಿಡಿ

ವಿ.ಸೂ.: ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಅಂದು ಬಸ್ಸು ತಪ್ಪೀತೆಂದು ಆ ಸ್ನಾಯುವಿನ ತುಂಡುಗಳಿದ್ದ ತಟ್ಟೆಗಳನ್ನು ಓವನ್‌ನಿಂದ ಒಂದು ಗಂಟೆ ಮೊದಲೇ ತೆಗೆದವಳು ನಾನು. ಸಾಹೇಬರು ಯಾರು ತೆಗೆದದ್ದೆಂದು ಕೇಳಿದಾಗ ನಿನ್ನ ಹೆಸರು ಹೇಳಿದೆ. ನಿನ್ನ ಕೆಲಸ ನನ್ನಿಂದಲೇ ಕೆಟ್ಟಿತು ಎಂದು ಇಷ್ಟು ವರ್ಷ ಒಳಗೊಳಗೇ ಬೆಂದೆ. ಕೆಟ್ಟಿರಲಿಲ್ಲ. ಹಾಗೆಂದು ನಾನು ಮಾಡಿದ್ದು ಚಿಕ್ಕದಾಗುವುದಿಲ್ಲ. ಇಂದು ಬೆಳಿಗ್ಗೆ ಮೇಡಂಗೆ ಎಲ್ಲ ಹೇಳಿದ್ದೇನೆ. ನೀನು ಬಾ. ನನ್ನ ಮುಖ ನೋಡಲು ಮನಸ್ಸಾಗದಿದ್ದರೆ ನಾನು ಕೆಳಗಿನ ಕೋಣೆಯಲ್ಲಿ ಕೆಲಸ ಮಾಡುತ್ತೇನೆ.