ಬಾಗಿಲಿನ ಒಳಮೈ

ಅಮ್ಮಾ,

ರೋಗಿಗಳು ಬಾಲ್ಯದಲ್ಲಿ ಉಂಡ ನೋವನ್ನು ಹೇಗೆ ಕೇಳಿ ತಿಳಿಯಬೇಕೆಂದು ಆಸ್ಪತ್ರೆಯಲ್ಲಿ ನರ್ಸ್‌ಗಳಿಗೆಲ್ಲ ತರಬೇತಿ ನಡೆಯುತ್ತಿದೆ. ನಿನ್ನೆ ಅಭ್ಯಾಸಕ್ಕೆ ನಾನೇ ರೋಗಿ. ಏನಾದರೂ ಕಥೆ ಕಟ್ಟಿ ಹೇಳು ಎಂದರು. ನನಗೆ ನೆಟ್ಟಗೆ ಸುಳ್ಳು ಹೇಳಲೂ ಬರುವುದಿಲ್ಲವೆಂದು ನೀನೇ ಬಯ್ಯುತ್ತಿದ್ದೆಯಲ್ಲ. ಚಿಕ್ಕವಳಿದ್ದಾಗ ನನ್ನನ್ನು ಸಾಮಾನಿನ ಕೋಣೆಯಲ್ಲಿ ಕೂಡಿಹಾಕುತ್ತಿದ್ದರು ಎಂದೆ.

“ಒಬ್ರೇ ಇರ್ತಿದ್ರಾ?” ಎಂದು ನರ್ಸ್ ಆಗಿ ಎದುರು ಕೂತಿದ್ದ ಜೊತೆಯವಳು ಕೇಳಿದಳು.

“ಇಲ್ಲ, ತಂಗಿನೂ ಇರ್ತಿದ್ಲು. ಒಂದಿನ ಅವಳು ಅಳೋದು ನಿಲ್ಲಿಸಿಬಿಟ್ಲು.”

ಚೆನ್ನಾಗಿ ನಟಿಸಿದೆ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು.

ಮನೆಗೆ ಬಣ್ಣ ಹೊಡೆಸುತ್ತಿದ್ದೇನೆಂದು ಬರೆದಿದ್ದೀಯ. ಆ ಕೋಣೆಯ ಬಾಗಿಲಿನ ಒಳಮೈಯನ್ನು ಮಾತ್ರ ಹಾಗೇ ಬಿಡು. ಅಲ್ಲಿ ಉಗುರಿನ ಗೀರುಗಳಿವೆ. ಕೆಲವು ಆಗಿನ ನನ್ನ ಎತ್ತರಕ್ಕೆ, ಕೆಲವು ಒಂದು ಗೇಣು ಕೆಳಗೆ. ಭಾನುವಾರ ಬರುತ್ತೇನೆ.

ನೀನು ಎಲ್ಲರಿಗೂ ಹೇಳುವಂತೆ,
ನಿನ್ನ ಒಬ್ಬಳೇ ಮಗಳು