ಬೇಲಿ ಕಂಡಿಯ ಬಿಗೋನಿಯಾ

ಗಂಗೆ,

ನಮ್ಮಿಬ್ಬರ ಮಧ್ಯೆ ಇರುವುದು ಒಂದೇ ಬೇಲಿ. ಆದರೂ ಈ ಕಾಗದ ನಿನಗೆ ಕೊಡುವವಳಲ್ಲ ನಾನು. ಗೆದ್ದದ್ದನ್ನು ಯಾರಿಗಾದರೂ ಹೇಳಬೇಕಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ಮಳೆಗಾಲದಲ್ಲಿ, ನನ್ನ ಬಿಗೋನಿಯಾದಿಂದಲೇ ನಿನ್ನ ಗಿಡಗಳಿಗೆಲ್ಲ ಬಿಳಿ ಹುಳ ಹತ್ತಿತು ಅಂತ ಮಹಿಳಾ ಸಂಘದ ಮೀಟಿಂಗಿನಲ್ಲಿ ಎಲ್ಲರೆದುರು ಹೇಳಿದೆಯಲ್ಲ? ಈಗ ಬಂದು ನೋಡು! ಈ ಸಲ ಕುಂಡಗಳನ್ನು ಒಳಗೆ ತರುವ ಮೊದಲು ಒಂದೊಂದನ್ನೂ ಮೀನು ತೊಳೆಯುವ ಟಬ್ಬಿಗೆ ನೀರು ತುಂಬಿ, ಅದರಲ್ಲಿ ಕುತ್ತಿಗೆವರೆಗೆ ಮುಳುಗಿಸಿಟ್ಟೆ. ಇರುವೆಗಳೆಲ್ಲ ಮೊಟ್ಟೆ ಹೊತ್ತುಕೊಂಡು ಮೇಲೆ ಬಂದವು. ಒಂದು ಮರಿಚೇಳೂ ಬಂತು. ಆಮೇಲೆ ಸಾಬೂನು ನೀರಿನಲ್ಲಿ ಹಳೇ ಸೀರೆ ಅದ್ದಿ, ಪ್ರತಿ ಎಲೆಯ ಅಡಿಯನ್ನೂ ಒರೆಸಿದೆ.

"ಎಂತದೇ ಇದು, ಗಿಡಕ್ಕೂ ಬಾಣಂತನ ಮಾಡ್ತಿಯಾ?" ಅಂತ ನಮ್ಮನೆಯವರು ನಕ್ಕರು. ನಗಲಿ. ವಾರದಿಂದ ಸಮುದ್ರದ ಗಾಳಿ ಹೆಂಚು ಕೀಳುತ್ತಿದ್ದರೂ ಒಳಗೆ ಕಿಟಕಿಯ ಬುಡದಲ್ಲಿ ನನ್ನ ಬಿಗೋನಿಯಾ ಗೊಂಚಲು ಗೊಂಚಲು ಹೂ ಬಿಟ್ಟಿದೆ. ಅವರ ಕನ್ನಡಕ ಹಾಕಿಕೊಂಡು ಹುಡುಕಿದೆ. ಒಂದೇ ಒಂದು ಹುಳವಿಲ್ಲ!

ನಿನ್ನ ಜಗಲಿಯಲ್ಲಿ ಮಾತ್ರ ಈ ಮಳೆಗೆ ಒಂದು ಕುಂಡವೂ ಕಾಣಲಿಲ್ಲ.

ಕುಮಟೆಯ ಮದುವೆಮನೆಯೊಂದರ ಅಂಗಳದಿಂದ ಈ ಬಿಗೋನಿಯಾದ ಮೊದಲ ಟೊಂಗೆಯನ್ನು ಸೆರಗಿನಲ್ಲಿ ಮುಚ್ಚಿ ತಂದವರು ನಾವಿಬ್ಬರೇ. ಕೇಳಿ ತಂದ ಗಿಡ ಸೊರಗುತ್ತದೆ, ಕದ್ದು ತಂದದ್ದೇ ಚಿಗುರುವುದು ಅಂತ ದಾರಿಯುದ್ದಕ್ಕೂ ನೀನು ನಗುತ್ತಿದ್ದೆ.

ಇವತ್ತು ಮಳೆ ಬಿಟ್ಟು ಸ್ವಲ್ಪ ಹೊಳವಾಗಿದೆ. ಒಂದು ಕುಂಡ ತೊಳೆದು, ಒರೆಸಿ, ಬೇಲಿಯ ಕಂಡಿಯಲ್ಲಿ ಇಟ್ಟು ಬಂದಿದ್ದೇನೆ. ಈಗ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ, ಆತಾ?

ಕದ್ದುಕೊಂಡು ಹೋಗೇ, ಮಾರಾಯ್ತಿ.