ಕಣ್ಣಿನ ಇಪ್ಪತ್ತು ಅಂಕಿಗಳು

ಹತ್ತಿಮತ್ತೂರು, ತಾಲೂಕು ಸವಣೂರು
ತಾರೀಖು 12-7-1984, ಗುರುವಾರ

ಮಗನಂತೆ ನನ್ನ ಕೈಯಲ್ಲಿ ಬೆಳೆದ ಮೈದುನ ಭರಮಪ್ಪನಿಗೆ ನಿನ್ನ ಅತ್ತಿಗೆವ್ವ ಮನಸಾರೆ ಹರಸಿ ಬರೆಯುವುದು.

ಮೈಯಲ್ಲಿ ಹುಷಾರಾಗಿದ್ದೀಯಾ? ಮುಂಬೈಯಲ್ಲಿ ಎಂಟು ದಿನದಿಂದ ಮಳೆ ಬಿಟ್ಟಿಲ್ಲವೆಂದು ರೇಡಿಯೋದಲ್ಲಿ ಹೇಳಿದರು. ನಿನಗೆ ಸಣ್ಣವನಿದ್ದಾಗಿನಿಂದ ತಲೆ ಒದ್ದೆಯಾದರೆ ಆಗಿಬರುವುದಿಲ್ಲ. ಟವೆಲ್ಲು ಸುತ್ತಿಕೊಂಡು ಹೋದರೆ ನಿಮ್ಮ ಸಂಸ್ಥೆಯವರು ನಗುತ್ತಾರೆಂದು ನಾಚಬೇಡ, ನಕ್ಕರೆ ನಗಲಿ. ಕಂಪ್ಯೂಟರ್ ಇಟ್ಟ ಕೋಣೆಯನ್ನು ಹಗಲೂ ರಾತ್ರಿ ತಣ್ಣಗೆ ಇಡುತ್ತಾರೆಂದು ನೀನೇ ಹೇಳಿದ್ದೆ. ಯಂತ್ರಕ್ಕೆ ಇಷ್ಟು ಆರೈಕೆ ಮಾಡುವವರು ಅದರ ಮುಂದೆ ಕೂರುವವನಿಗೆ ಒಂದು ಬಿಸಿ ಚಹಾ ಕೊಡುತ್ತಾರೋ ಇಲ್ಲವೋ. ಶೇಂಗಾ ಚಟ್ನಿ ಮುಗಿದಿದ್ದರೆ ಬರೆ, ಮತ್ತೆ ಕುಟ್ಟಿ ಕಳಿಸುತ್ತೇನೆ. ಗೆಳೆಯರಿಗೆ ಹಂಚು, ಬೇಡ ಅನ್ನುವುದಿಲ್ಲ, ಆದರೆ ಎಲ್ಲವನ್ನೂ ಹಂಚಿ ನೀನು ಬರಿಯ ಅನ್ನ ಉಣ್ಣಬೇಡ.

ನಿಮ್ಮ ಅಣ್ಣನವರ ಬಲಗೈ ಲಕ್ವಾ ಹೊಡೆದ ದಿನ ಹೇಗಿತ್ತೋ ಹಾಗೇ ಇದೆ. ಕಾಲು ಸ್ವಲ್ಪ ಸುಧಾರಿಸಿದೆ, ಗೋಡೆ ಹಿಡಿದು ಕಟ್ಟೆಯ ತನಕ ಬರುತ್ತಾರೆ. ಮಾತು ಮಾತ್ರ ಒಂದೇ. ನೀರು ಬೇಕೆಂದರೂ "ಹಾ", ಬೇಡವೆಂದರೂ "ಹಾ". ಪಕ್ಕದ ಮನೆಯ ಮಾಬೂಬಿ ದಿನಾ ಮುಂಜಾನೆ ಬಂದು ಎಣ್ಣೆ ತಿಕ್ಕುತ್ತಾಳೆ, ಒಂದು ದಿನ ತಪ್ಪಿಸಿಲ್ಲ. "ಬಡಿಗೇರಣ್ಣಾರ, ಇಷ್ಟ ವರ್ಷ ಬಾಚಿ ಬೀಸೀರಿ, ಈಗ ನನ್ನ ಒಂದ್ ಬಟ್ಟ ಹಿಚಕಾಕ ಆಗವಲ್ಲದೇನ್ರಿ? ಹಿಚಕ್ರಿ! ನೋವಾದ್ರ ಒದರತೇನಿ, ನಾ ಏನ್ ಮೂಕಿ ಅದೇನೇನು?" ಎಂದು ತನ್ನ ಬೆರಳನ್ನು ಅವರ ಅಂಗೈಯಲ್ಲಿಟ್ಟು ಜಬರಿಸುತ್ತಾಳೆ. ಅವಳು ಒದರುವ ದಿನ ಯಾವಾಗ ಬರುತ್ತದೋ ಎಂದು ನಾನು ಅಡಿಗೆ ಮನೆಯಲ್ಲಿ ಕಿವಿಗೊಟ್ಟು ಕೂರುತ್ತೇನೆ.

ನಿನ್ನ ಕಾಗದ ಬುಧವಾರ ಮಧ್ಯಾಹ್ನ ಬಂತು. ಊರ ದೇವಿ ದ್ಯಾಮವ್ವನ ಮುಖ ಅಳೆದು ನಾನು ಕಳಿಸಿದ ನಾಲ್ಕು ನೂರಾ ಎಂಟು ಅಂಕಿಗಳಲ್ಲಿ ಮುನ್ನೂರಾ ಎಂಬತ್ತೆಂಟು ಚೆಂದಾಗಿ ಒಂದಕ್ಕೊಂದು ಕೂಡಿಕೊಂಡಿವೆ, ಕಣ್ಣುಗಳ ಇಪ್ಪತ್ತು ಮಾತ್ರ ಕೂಡುವುದಿಲ್ಲ, ಅಲ್ಲಿ ಮುಖ ಎರಡು ಬಾವಿಯ ಹಾಗೆ ಒಳಗೆ ಇಳಿಯುತ್ತದೆ ಎಂದು ಬರೆದಿದ್ದೀಯಾ. ಯಂತ್ರ ಬಿಡಿಸಿದ ಚಿತ್ರವನ್ನೂ ಇಟ್ಟಿದ್ದೆ. ಮೀನಿನ ಬಲೆಯ ಹಾಗೆ ಗೆರೆ ಗೆರೆಗಳು. ಹಣೆ ಅವಳದೇ, ಗಲ್ಲ ಅವಳದೇ, ಮೂಗಂತೂ ನಮ್ಮ ಮಾವನವರ ಉಳಿಯಿಂದ ಈಗ ಎದ್ದು ಬಂದ ಹಾಗಿತ್ತು. ಕಣ್ಣಿದ್ದಲ್ಲಿ ಮಾತ್ರ ಬಲೆ ಜಗ್ಗಿ ಒಳಗೆ ಹೋಗಿತ್ತು. ಅದನ್ನು ನೋಡಿದೊಡನೆ ಚಿತ್ರವನ್ನು ಮಡಚಿಟ್ಟೆ. ಅಳತೆ ತಪ್ಪೋ, ನಿನ್ನ ಲೆಕ್ಕದ ರೀತಿಯೇ ತಪ್ಪೋ ಎಂದು ನಿಮ್ಮ ಮೇಷ್ಟ್ರು ಕೇಳುತ್ತಿದ್ದಾರಂತೆ. ರೀತಿ ತಪ್ಪಾದರೆ ನನ್ನ ಮೂರು ವರ್ಷದ ಸಂಶೋಧನೆ ನೀರಲ್ಲಿ ಹೋಯಿತು, ಇನ್ನೊಂದು ಸಲ ಕಣ್ಣಿಗೆ ಸೂಜಿ ಇಟ್ಟು ಅಳೆದು ಬೇಗ ಕಳಿಸು, ಮೊದಲು ಅಳೆದದ್ದು ಹೇಗೆಂದು ಬುಡದಿಂದ ಬರೆ, ಮೇಷ್ಟ್ರಿಗೆ ಓದಿ ಹೇಳಬೇಕು ಎಂದಿದ್ದೀಯಾ. ಅದಕ್ಕೆ ನಿನಗೆ ಗೊತ್ತಿದ್ದದ್ದನ್ನೂ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ದ್ಯಾಮವ್ವನ ಕಟ್ಟಿಗೆಯ ಮುಖಕ್ಕೆ ಹಿಂದಿನಿಂದ ಒರಲೆ ಹುಳ ಹತ್ತಿ ಒಳಗೆಲ್ಲ ಪುಡಿಯಾಗಿತ್ತು. ಮುಂದಿನದು ಒಂದು ತೆಳ್ಳನೆಯ ಸಿಪ್ಪೆಯಷ್ಟೇ ಉಳಿದಿತ್ತು. ಹೊಸ ಮುಖ ಮಾಡಬೇಕು, ಹಳೆಯ ಮುಖದಂತೆಯೇ ಇರಬೇಕು ಎಂದು ಹಿರಿಯರು ಹೇಳಿದರು. ನಿಮ್ಮ ಅಪ್ಪ ಮಾಡಿದ ಮುಖ ಅದು. ಐದು ವರ್ಷಕ್ಕೊಮ್ಮೆ ಬಣ್ಣ ಕೆರೆದು ಹೊಸ ಬಣ್ಣ ಕೊಡುತ್ತ ಅದರ ಏರು ತಗ್ಗು ಎಲ್ಲ ನಿಮ್ಮ ಅಣ್ಣನವರ ಬೆರಳಿನಲ್ಲಿ ಕೂತಿತ್ತು. ಬೆರಳೇ ಹೋದ ಮೇಲೆ ಯಾರನ್ನು ಕೇಳುವುದು? ಐದು ವರ್ಷದ ಹಿಂದೆ ತೆಗೆಸಿದ ಒಂದು ಫೋಟೋ ಇದೆ, ಅದರಲ್ಲಿ ಅರ್ಧ ಮುಖ ಹೂವಿನ ಕೆಳಗೆ, ಇನ್ನರ್ಧಕ್ಕೆ ಹೊಸ ಬಣ್ಣದ ಮೇಲೆ ಬೆಳಕು ಬಡಿದು ಬಿಳಿ ಮಚ್ಚೆ. ಈ ಬೇಸಿಗೆಯಲ್ಲಿ ನೀನು ಬಂದು, ನನ್ನ ಸಂಶೋಧನೆಯೇ ಇದು ಅತ್ತಿಗೆವ್ವಾ, ಅಲ್ಲಲ್ಲಿ ಅಳೆದ ಚುಕ್ಕೆಗಳಿಂದ ಇಡೀ ಮೈಯನ್ನು ಲೆಕ್ಕದಲ್ಲಿ ಕಟ್ಟುವುದು ಎಂದೆ. ಮೂರು ಮೂರು ಚುಕ್ಕೆ ಸೇರಿಸಿ ಮೂರು ಮೂಲೆಯ ತುಂಡು ಮಾಡಿ, ತುಂಡಿಗೆ ತುಂಡು ಹಚ್ಚಿ ನಾನು ಕೌದಿ ಹೊಲಿಯುವ ಹಾಗೆ. ಎರಡು ಚುಕ್ಕೆಯ ನಡುವೆ ಸೂಜಿ ಮುಟ್ಟದ ಜಾಗದಲ್ಲಿ ಏನಿದೆ ಎಂದು ಯಂತ್ರಕ್ಕೆ ಯಾರು ಹೇಳುತ್ತಾರೆ ಎಂದು ನಾನು ಕೇಳಿದೆ. "ಅದನ್ನ ಕಂಡುಹಿಡೀಲಿ ಅಂತನ ನನಗ ರೊಕ್ಕಾ ಕೊಟ್ಟು ಇಟ್ಕೊಂಡಾರ ಅತ್ತಿಗೆವ್ವಾ" ಎಂದು ನಕ್ಕೆ. ಆ ನಗು ನೋಡಿ ನನಗೂ ಧೈರ್ಯ ಬಂತು.

ನೀನು ಮಾಡಿಕೊಟ್ಟ ಹಲಗೆಯಲ್ಲಿ ಅರ್ಧ ಅರ್ಧ ಇಂಚಿಗೊಂದು ತೂತು, ಅಡ್ಡಕ್ಕೆ ಹದಿನೇಳು, ಕೆಳಗೆ ಇಪ್ಪತ್ತನಾಲ್ಕು. ಹಲಗೆಯನ್ನು ಮುಖದ ಮುಂದೆ ನಿಲ್ಲಿಸಿ, ಗುರುತು ಹಾಕಿದ ಸೂಜಿಯನ್ನು ಒಂದೊಂದೇ ತೂತಿನಲ್ಲಿ ತೂರಿಸಿ, ಮುಖಕ್ಕೆ ತಾಗಿದಾಗ ಎಷ್ಟು ಒಳಗೆ ಹೋಯಿತೆಂದು ಬರೆಯುವುದು. ಮೊದಲು ಬೋರಲು ಹಾಕಿದ ಕೊಡದ ಮೇಲೆ ಕಲಿಸಿದೆ, ಆಮೇಲೆ ನಿನ್ನ ಮುಖವನ್ನೇ ಒಡ್ಡಿದೆ, ನಾನು ಮೂಗಿಗೆ ಚುಚ್ಚಿದೆ. ಕಾರಹುಣ್ಣಿಮೆಯ ತನಕ ಅವಳನ್ನು ಗುಡಿಯಿಂದ ಇಳಿಸುವಂತಿರಲಿಲ್ಲ, ನಿನಗೆ ಅಲ್ಲಿಯ ತನಕ ರಜೆಯಿರಲಿಲ್ಲ. ಬಣ್ಣ ಕೆರೆದ ದೇವಿಯನ್ನು ಬಡಿಗೇರರ ಮನೆಯವರ ಹೊರತು ಇನ್ನೊಬ್ಬರು ನೋಡಬಾರದು. ಹಾಗಾಗಿ ಸೂಜಿ ನನ್ನ ಕೈಗೆ ಬಂತು. ಮೂರು ಮುಂಜಾನೆ ಉಪವಾಸವಿದ್ದು, ಒದ್ದೆ ಸೀರೆಯಲ್ಲಿ, ಬಾಗಿಲು ಮುಚ್ಚಿಕೊಂಡು ಅಳೆದೆ. ನಿಮ್ಮ ಅಣ್ಣನವರು ಹೊಸ್ತಿಲ ಹೊರಗೆ ಬೆನ್ನು ಮಾಡಿ ಕಾವಲು ಕೂತಿದ್ದರು. ನಾಲ್ಕನೇ ಇಯತ್ತೆ ಕಲಿತವಳು ನಾನು, ಆದರೂ ಸೂಜಿ ತೋರಿಸಿದ್ದನ್ನು ಎರಡೆರಡು ಸಲ ನೋಡಿಯೇ ಬರೆದಿದ್ದೇನೆ. ಬರೆದದ್ದರಲ್ಲಿ ತಪ್ಪಿಲ್ಲ.

ಈಗ ಇನ್ನೊಮ್ಮೆ ಅಳೆ ಎನ್ನುತ್ತೀಯಲ್ಲ, ಎಲ್ಲಿಂದ ಅಳೆಯಲಪ್ಪಾ? ನಿನ್ನ ಕಾಗದ ಬರುವುದಕ್ಕೆ ಒಂದು ದಿನ ಮೊದಲು, ಮಂಗಳವಾರ, ಹಳೆಯ ಮುಖಕ್ಕೆ ಕೆರೆದದ್ದು ಕಾಣದಂತೆ ಅರಿಸಿನ ಮೆತ್ತಿ ವರದಾ ಹೊಳೆಗೆ ಬಿಟ್ಟು ಬಂದೆವು. ಅಳತೆ ಆಗಿದೆಯಂತಲ್ಲ, ಊನವಾದ ದೇವರನ್ನು ಊರಲ್ಲಿ ಇಡಬಾರದು ಎಂದು ಪೂಜಾರಿ ಅಜ್ಜಪ್ಪ ಅವಸರ ಮಾಡಿದ. ಇನ್ನೆರಡು ದಿನ ತಡೆಯಿರೆಂದು ನಾನು ಹೇಳಿದೆ. "ಯಾಕ ಶಂಕ್ರವ್ವಾ, ಅಳತಿ ಮುಗದಿಲ್ಲೇನ?" ಎಂದು ಎಲ್ಲರ ಮುಂದೆ ಕೇಳಿದ. ಮುಗಿದಿದೆ ಎಂದೆ. ಇನ್ನೇನು ಹೇಳಲಿ? ನಿಮ್ಮ ಅಣ್ಣನವರನ್ನೂ ಚಕ್ಕಡಿಯಲ್ಲಿ ಕೂರಿಸಿಕೊಂಡು ಹೋದೆವು. ಹೊಳೆಗೆ ಹೊಸ ನೀರು ಬಂದಿತ್ತು. ಕಲ್ಲಿನ ದೇವಿಯಾದರೆ ಮುಳುಗುತ್ತಾಳೆ, ಇವಳು ಒಣ ಕಟ್ಟಿಗೆ, ಮುಳುಗಲಿಲ್ಲ. ಮುಖ ಮೇಲೆ ಮಾಡಿಕೊಂಡು ತಿರುಗುತ್ತ, ತಿರುಗುತ್ತ, ಕಣ್ಣಿಗೆ ಕಾಣುವ ತನಕ ನಮ್ಮನ್ನು ನೋಡಿಕೊಂಡೇ ಹೋದಳು. ಹೆಣ್ಣುಮಕ್ಕಳೆಲ್ಲ "ಹೋಗಿ ಬಾರವ್ವಾ" ಎಂದು ಅತ್ತರು. ಕಾಗದ ಬಂದ ಮೇಲೆ ಹೊಳೆಯ ಕೆಳಗಿನ ಹಳ್ಳಿಗೆ ಆಳು ಕಳಿಸೋಣವೇ ಎಂದೂ ಯೋಚಿಸಿದೆ. ಬಿಟ್ಟ ದೇವರನ್ನು ಮರಳಿ ಮನೆಗೆ ತರಬಹುದೇ ಎಂದು ಯಾರನ್ನು ಕೇಳಲಿ, ಏನೆಂದು ಕೇಳಲಿ?

ನಿನ್ನೆ ಸಂಜೆ ನಿಮ್ಮ ಅಣ್ಣನವರನ್ನೇ ಕೇಳಿ ನೋಡಿದೆ. ಒಲೆಯ ಬೂದಿಯನ್ನು ಪಡಸಾಲೆಯಲ್ಲಿ ಹರವಿ, ಬೆರಳಿನಿಂದ ನಾಲ್ಕು ತರಹದ ಕಣ್ಣು ಬರೆದೆ. ಹೀಗಿತ್ತೇನ್ರಿ ಎಂದರೆ "ಹಾ". ಇಷ್ಟು ಉಬ್ಬಿತ್ತೇನ್ರಿ ಎಂದು ಮುಷ್ಟಿ ತೋರಿಸಿದರೂ "ಹಾ". ಆಮೇಲೆ ಅವರೇ ಎಡಗೈ ಬೆರಳು ಬೂದಿಗೆ ಇಟ್ಟರು. ರೆಪ್ಪೆಯ ಗೆರೆ ಅರ್ಧ ಚೆಂದಾಗಿಯೇ ಬಂತು, ಅಲ್ಲಿಂದ ಕೈ ಜಾರಿ ಅಡ್ಡಾದಿಡ್ಡಿ ಹೋಯಿತು. ಮತ್ತೆ ಇಟ್ಟರು, ಮತ್ತೆ ಅಲ್ಲಿಗೇ ಜಾರಿತು. ಮೂರನೇ ಸಲ ಅಂಗೈಯಿಂದ ಎಲ್ಲವನ್ನೂ ಒರೆಸಿ ಗೋಡೆಗೆ ಮುಖ ಮಾಡಿ ಕೂತರು. ಆ ಬೂದಿಯ ಕೈಯನ್ನು ನಾನೇ ತೊಳೆದೆ.

ಕೆತ್ತಲಿಕ್ಕೆ ಬಂಕಾಪುರದಿಂದ ಬಂದಿರುವ ಮಹಾಲಿಂಗಪ್ಪ ನಮ್ಮ ಕಟ್ಟೆಯ ಮೇಲೆಯೇ ಇದ್ದಾನೆ. ಹಾನಗಲ್ಲಿನ ಕಡೆಯಿಂದ ತಂದ ಕೊರಡನ್ನು ದಿನಾ ಒಮ್ಮೆ ತಟ್ಟಿ ನೋಡುತ್ತಾನೆ, ಚಹಾ ಕುಡಿಯುತ್ತಾನೆ. "ಬಡಿಗೇರ ಮನ್ಯಾಗ ಬಾಚಿ ಸುಮ್ನ ಕುಂತೈತಿ, ಟಪಾಲಿನಂವಂದ ಕೆಲಸ ನಡದೈತಿ" ಎನ್ನುತ್ತಾನೆ. ಕಣ್ಣು ಮಾತ್ರ ನಿಮಗೆ ಗೊತ್ತಿದ್ದ ಹಾಗೆ ಮಾಡಲಿಕ್ಕೆ ಬರುವುದಿಲ್ಲವೇ ಎಂದು ಮೆಲ್ಲಗೆ ಕೇಳಿದೆ. "ಯವ್ವಾ, ನಾ ಬಂಕಾಪುರದ ಕಣ್ಣು ಇಟ್ಟೇನಿ, ನಿಮ್ಮೂರಾವ್ರು ನನ್ನ ಕಣ್ಣು ಕಿತ್ತಾರ. ನಿಮ್ಮ ಮೈದುನಾರ ರಟ್ಟಿನ ಅಳತಿ ಬರ್ಲಿ, ಅದು ಹೆಂಗಂತೈತಿ ಹಂಗ ಹೊಡೀತೇನಿ, ಒಂದ್ ಕೂದಲೆಳಿ ಅತ್ತಿತ್ತ ಆಗೂದಿಲ್ಲ" ಎಂದ. ಶ್ರಾವಣದ ಮೊದಲ ಸೋಮವಾರ ಮೊದಲ ಏಟು ಬೀಳಬೇಕು. ಅಷ್ಟರೊಳಗೆ ನೀನು ಮುಖವನ್ನು ಅಡ್ಡಡ್ಡ ಸೀಳಿದ ಹಾಗೆ ಕತ್ತರಿಸಿದ ರಟ್ಟುಗಳು ಇಲ್ಲಿಗೆ ಮುಟ್ಟಬೇಕು. ಇನ್ನು ಹದಿನೆಂಟು ದಿನ. ದಿನ ಮುಂದಕ್ಕೆ ಹಾಕಿರೆಂದು ಹಿರಿಯರನ್ನು ಕೇಳಿದರೆ ಯಾಕೆಂದು ಕೇಳುತ್ತಾರೆ.

ನೀರು ತರಲು ಹೋದರೆ ಹೆಣ್ಣುಮಕ್ಕಳು ನನ್ನನ್ನು ಮುಂದೆ ಬಿಡುತ್ತಾರೆ ಭರಮಪ್ಪಾ. ದೇವಿಯ ಮೈ ಮುಟ್ಟಿದ ಕೈ ಎಂದು ಒಬ್ಬಳು ನನ್ನ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. ನಾನು ಕೊಡ ಅಲ್ಲೇ ಬಿಟ್ಟು ಬಂದೆ.

ವೇಳೆಗೆ ಸರಿಯಾಗಿ ಉಣ್ಣು. ಮೇಷ್ಟ್ರ ಮುಂದೆ ಸಿಟ್ಟು ಮಾಡಿಕೊಳ್ಳಬೇಡ, ಅವರು ಕೇಳುವುದರಲ್ಲಿ ತಪ್ಪಿಲ್ಲ. ಅವರಿಗೆ ನನ್ನ ನಮಸ್ಕಾರ ತಿಳಿಸು. ನಿಮ್ಮ ಅಣ್ಣನವರು ಎಡಗೈಯಿಂದ ಈ ಹಾಳೆಯನ್ನು ಮುಟ್ಟಿದ್ದಾರೆ, ಅದನ್ನೇ ಅವರ ಆಶೀರ್ವಾದವೆಂದು ತಿಳಿ. ಮಾಬೂಬಿಯೂ ನಿನ್ನನ್ನು ಕೇಳಿದಳು.

ನಿನ್ನ ಒಳ್ಳೆಯದನ್ನೇ ಬೇಡುವ
ಅತ್ತಿಗೆ, ಶಂಕ್ರವ್ವ

ತಾ. ಕ.: ಟಪಾಲಿನವನು ಬರುವ ಹೊತ್ತಾಯಿತು. ಹೇಳದೆ ಕಳಿಸಲಿಕ್ಕೆ ಮನಸ್ಸು ಒಪ್ಪಲಿಲ್ಲ. ಆ ಇಪ್ಪತ್ತು ಅಂಕಿಗಳು ದ್ಯಾಮವ್ವನವಲ್ಲ, ನನ್ನವು. ದೇವಿಯ ಕಣ್ಣಿಗೆ ಬಡಿಗೇರನ ಕೈ ಒಂದೇ ಹೋಗಬೇಕು. ಅವನೂ ಬೆನ್ನು ತಿರುಗಿಸಿ ನಿಂತು, ಕನ್ನಡಿಯಲ್ಲಿ ನೋಡಿಯೇ ಕಣ್ಣು ಬರೆಯಬೇಕು. ನಿನಗೂ ಗೊತ್ತಿದ್ದದ್ದೇ, ನೀನು ಮರೆತೆ, ನಾನೂ ನಿನಗೆ ನೆನಪು ಮಾಡಲಿಲ್ಲ. ಮೂರನೇ ಮುಂಜಾನೆ ಸೂಜಿಯನ್ನು ಕಣ್ಣಿನ ತೂತಿನ ತನಕ ಒಯ್ದೆ, ಕೈ ಮುಂದೆ ಹೋಗಲಿಲ್ಲ. ಅವಳ ತಲೆಯ ಮೇಲೆ ಹೂವಿಟ್ಟು ಅಪ್ಪಣೆ ಕೇಳಿದೆ. ಬಹಳ ಹೊತ್ತು ಕೂತೆ, ಹೂವು ಬಲಕ್ಕೂ ಬೀಳಲಿಲ್ಲ, ಎಡಕ್ಕೂ ಬೀಳಲಿಲ್ಲ. ಅಂಕಿ ಇಲ್ಲದೆ ಬಿಟ್ಟರೆ ಯಂತ್ರ ಎಲ್ಲವನ್ನೂ ತಿರುಗಿ ಕಳಿಸುತ್ತದೇನೋ, ನಿನ್ನ ಮೂರು ವರ್ಷ ನನ್ನಿಂದ ಹಾಳಾಗುತ್ತದೇನೋ ಎಂದು ಹೆದರಿದೆ. ಹೆಣ್ಣಿನ ಕಣ್ಣು ಹೆಣ್ಣಿನ ಕಣ್ಣಿನ ಹಾಗೇ ಇದ್ದೀತೆಂದು, ಅದೇ ಹಲಗೆಯ ಹಿಂದೆ ನನ್ನ ಮುಖ ಇಟ್ಟು, ರೆಪ್ಪೆ ಮುಚ್ಚಿ, ಸೂಜಿ ತಾಗಿದಷ್ಟನ್ನು ಬೆರಳಲ್ಲಿ ಹಿಡಿದು ನೋಡಿ ಬರೆದೆ. ಅವಳವು ಹೊರಗೆ ಉಬ್ಬಿದ ಕಣ್ಣು, ನನ್ನವು ಈ ವರ್ಷ ಬಹಳ ಒಳಗೆ ಇಳಿದಿವೆ. ನಿನ್ನ ಲೆಕ್ಕ ಸರಿಯಾಗಿಯೇ ಹಿಡಿಯಿತು, ನಿನ್ನ ರೀತಿ ತಪ್ಪಿಲ್ಲವೆಂದು ಮೇಷ್ಟ್ರಿಗೆ ನನ್ನ ಹೆಸರು ಹೇಳಿಯೇ ಹೇಳು. ಆ ಇಪ್ಪತ್ತನ್ನು ಹೊಡೆದುಹಾಕು. ಸುತ್ತಲಿನದನ್ನು ನೋಡಿ ಯಂತ್ರಕ್ಕೆ ಏನು ತೋಚುತ್ತದೋ ಅದನ್ನು ತುಂಬಲಿ. ಅದೂ ಅವಳ ಕಣ್ಣಲ್ಲ, ನನಗೆ ಗೊತ್ತು. ಆದರೆ ನನ್ನವು ಬೇಡ. ಊರೆಲ್ಲ ನನ್ನ ಕಣ್ಣಿಗೆ ಕೈ ಮುಗಿದರೆ ನಾನು ಯಾರಿಗೆ ಮುಗಿಯಲಿ?